ಊದುಬತ್ತಿ ಆರುವ ಮುನ್ನ

ನಮ್ಮ ಲೆಕ್ಕದ ಮಿಸ್ ಅವರ ತೋರುಬೆರಳಿನ ತುದಿ ಸುಟ್ಟು ಕಪ್ಪಾಗಿತ್ತು. ಉರಿಯುವ ಊದುಬತ್ತಿಯ ಬೂದಿಯನ್ನು ಅವರು ಬೆರಳಿನಿಂದಲೇ ತಟ್ಟುತ್ತಿದ್ದರು. ಅದು ಎಪ್ಪತ್ತರ ದಶಕ. ಮಧುಗಿರಿಯ ಹಾಸ್ಟೆಲಿನಲ್ಲಿದ್ದ ನಾವು ನಾಲ್ಕೈದು ಹುಡುಗಿಯರು ಸಂಜೆ ಅವರ ಮನೆಗೆ ಬಾಯಿಲೆಕ್ಕಕ್ಕೆ ಹೋಗುತ್ತಿದ್ದೆವು. ಒಬ್ಬೊಬ್ಬಳಿಗೂ ಒಂದು ತುಂಡು ಬತ್ತಿ. ಅದು ಉರಿಯುವಷ್ಟು ಹೊತ್ತೇ ಪರೀಕ್ಷೆ. ಸರಿ ಹೇಳಿದರೆ ಮುಂದಿನದು ಕಷ್ಟದ್ದು, ತಪ್ಪಿದರೆ ಸುಲಭದ್ದು. ಬಾಯಿ ಬಿಡದಿದ್ದರೆ ಮಾತ್ರ ಅದೇ ಪ್ರಶ್ನೆಯಲ್ಲಿ ಕೂರಿಸಿಬಿಡುತ್ತಿದ್ದರು. ಬತ್ತಿ ಆರಿದಾಗ ಎಷ್ಟು ಕಷ್ಟದ ಲೆಕ್ಕ ಮುಟ್ಟಿದ್ದೆವೋ ಅಷ್ಟೇ ನಮ್ಮ ಯೋಗ್ಯತೆ.

ಒಮ್ಮೆ ನನಗೆ ಕೆರೆ ತುಂಬುವ ಲೆಕ್ಕ ಕೇಳಿದರು. ನಾನೋ ಮದಲೂರಿನವಳು, ಕೆರೆ ಏರಿಯ ಮೇಲೇ ಬೆಳೆದವಳು! ಆದರೂ ತಪ್ಪಾದೀತೆಂದು ಬಾಯಿ ಹೊಲಿದುಕೊಂಡು ಕೂತೆ. ಬತ್ತಿ ಆರಿತು.

"ಲೇ, ತಪ್ಪು ಹೇಳಿದ್ರೆ ಸುಲಭದ್ದೊಂದು ಕೇಳ್ತಿದ್ದೆ. ಸುಮ್ಕೆ ಕುಂತ್ಬುಟ್ರೆ ನಾನೇನ್ ಮಾಡ್ಲಿ? ಹೊತ್ತು ಮೀರ್ತಾ ಬಂದ್ರೆ, ಆಗಲಾರದ ಉತ್ತರಾನ ಮೊದ್ಲು ಹೊಡೆದಾಕು. ಉಳಿದಿದ್ರಲ್ಲಿ ಒಂದು ಹೇಳು. ಖಾಲಿ ಮಾತ್ರ ಬುಡಬ್ಯಾಡ ಕಣೇ."

ಅವಮಾನದಿಂದ ಅತ್ತುಬಿಟ್ಟೆ. ಮುಂದೆ ನರ್ಸ್ ತರಬೇತಿಯ ಪ್ರವೇಶ ಪರೀಕ್ಷೆಯಲ್ಲಿ, ಗಂಟೆ ಹೊಡೆಯುವ ಮುನ್ನ, ಉಳಿದಿದ್ದ ಏಳೆಂಟು ಪ್ರಶ್ನೆಗಳಿಗೆ ಹಾಗೇ ಊಹಿಸಿ ಬರೆದೆ. ಸೀಟು ಸಿಕ್ಕಿತು. ನಾನು ತಿನ್ನುವ ಅನ್ನ ಅವರದು.

ಎಂಬತ್ತರ ದಶಕದ ಒಂದು ಜನವರಿಯಲ್ಲಿ, ನಾನಿದ್ದೇನೆಂದು ಹುಡುಕಿಕೊಂಡು ಮಿಸ್ ಶಿರಾದ ಆಸ್ಪತ್ರೆಗೆ ಬಂದರು. ಹೊಟ್ಟೆ ಉಬ್ಬಿತ್ತು, ಕಣ್ಣು ಹಳದಿ. ಇನ್ನು ಮಾಡುವಂಥದ್ದೇನೂ ಇಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಎಷ್ಟು ದಿನ ಎಂಬುದು ಅವರಿಗೂ ತಿಳಿಯದು.

ಗಂಡ ಸತ್ತ ಮೇಲೆ ತವರಿಗೆ ಬಾರದೆ ಕೆಲಸಕ್ಕೆ ಸೇರಿದರೆಂದು ಪಾವಗಡದ ತಮ್ಮ ಮಿಸ್ ಜೊತೆ ಮಾತು ಬಿಟ್ಟು ಹದಿನೈದು ವರ್ಷವಾಗಿತ್ತು. ಅವನನ್ನೊಮ್ಮೆ ನೋಡಬೇಕೆಂಬುದೊಂದೇ ಅವರ ಆಸೆ.

"ಈಗ್ಲೇ ಕಾಗದ ಹಾಕಿದ್ರೆ ಓಡಿಬಂದು ನನ್ನ ಪಾವಗಡಕ್ಕೆ ಎತ್ಕೊಂಡೋಯ್ತಾನೆ. ಹುಡುಗೀರ ಪಾಠ ಅರ್ಧಕ್ಕೆ ನಿಲ್ತದೆ. ಪರೀಕ್ಷೆ ಮುಗುದ್ಮೇಲೆ ಹಾಕಾನ ಅಂತ. ಮಾರ್ಚಿ ಪರೀಕ್ಷೆಗಂಟ ಇರ್ತೀನೇನೇ?"

ನಾನು ತಲೆ ತಗ್ಗಿಸಿದೆ.

"ಖಾಲಿ ಬುಡ್ತೀಯಾ?"

"ಇರ್ತೀರ ಮಿಸ್," ಎಂದೆ. ಆಗಲಾರದ್ದನ್ನು ಹೊಡೆದುಹಾಕಿ ಹೇಳಿದ ಮಾತಲ್ಲ ಅದು. ಹಾಗಾಗಲಿ ಎಂದು ನನ್ನ ಹಾಳು ಮನಸ್ಸು ಬೇಡಿದ್ದು, ಅಷ್ಟೆ.

ಅವರು ನಂಬಿದರು. ಕಾಗದ ಹಾಕಲಿಲ್ಲ. ಮಧುಗಿರಿಗೆ ಮರಳಿ, ದಿಂಬಿಗೆ ಒರಗಿಕೊಂಡು, ಬತ್ತಿ ಹಚ್ಚಿಸಿ ಹತ್ತೊಂಬತ್ತು ದಿನ ಪಾಠ ಹೇಳಿ ತೀರಿಕೊಂಡರು.

ಸುದ್ದಿ ಮುಟ್ಟಿ ತಮ್ಮ ಬರುವಷ್ಟರಲ್ಲಿ ಚಿತೆ ಆರಿತ್ತು. ಅಷ್ಟೆತ್ತರದ ಗಂಡಸು ಮಿಸ್ ಮನೆಯ ಹೊಸ್ತಿಲಲ್ಲೇ ಕುಸಿದು ಕೂತ.

"ಏಮ್ಮಾ, ನೀನು ನರ್ಸಂತೆ. ನಿಂಗೆ ಮುಂಚೇನೇ ತಿಳಿದಿತ್ತಾ? ಅಕ್ಕ ನನ್ನ ಹೆಸ್ರು ಎತ್ಲೇ ಇಲ್ವಾ?"

ಎತ್ತಿದ್ದರು, ತಡೆದವಳು ನಾನೇ ಎಂದು ಹೇಳಬೇಕಿತ್ತು. ಉತ್ತರ ಗೊತ್ತಿದ್ದೂ ಆ ಒಂದು ಪ್ರಶ್ನೆಯನ್ನು ನಾನು ಖಾಲಿ ಬಿಟ್ಟೆ.