ತಟ್ಟೆ ಮುಗಿಸಿ ಸೂಜಿ ತೆಗೆಯುವ ಅಕೈತಿ

ನ್ಯೂಜಿಲೆಂಡಿನ ಟೊಕೊರೋವಾದಲ್ಲಿ ಈ ಶುಕ್ರವಾರದ ಬೆಳಗು ಹಲ್ಲು ಕಟಕಟಿಸುವಷ್ಟು ತಣ್ಣಗಿದೆ. ರಾತ್ರಿಯ ಇಬ್ಬನಿ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಗಟ್ಟಿಯಾಗಿದೆ. ಪೈನ್ ಕಾಡಿನ ಮಂಜೂ ಕಾಗದದ ಮಿಲ್ಲಿನ ಹೊಗೆಯೂ ಒಂದರೊಳಗೊಂದು ಬೆರೆತು, ಯಾವುದು ಯಾವುದೆಂದು ದೇವರೇ ಬಲ್ಲ. ಕಾರಿನ ಗಾಜಿಗೆ ಅಂಟಿದ ಹಿಮದ ಮೇಲೆ ಅಕೈತಿ ಉಗುರುಬೆಚ್ಚಗಿನ ನೀರು ಹೊಯ್ಯುತ್ತಿದ್ದಾರೆ. ಬಾಯಲ್ಲಿ ಚರ್ಚಿನ ಹಾಡು, ಹೆಗಲಲ್ಲಿ ಔಷಧದ ಚೀಲ.

"ನನ್ನ ಕಾರು ನನಗಿಂತ ಸೋಮಾರಿ. ಸ್ನಾನ ಮಾಡಿಸದೆ ಏಳೋದೇ ಇಲ್ಲ" ಎಂದು ನಗುತ್ತಾರೆ.

ಅಕೈತಿ, ಮನಸ್ಸಿನ ಕಾಯಿಲೆಯವರ ಮನೆಬಾಗಿಲಿಗೇ ಹೋಗುವ ನರ್ಸು. ಅಪ್ಪ ದೂರದ ಬೆಚ್ಚನೆಯ ಅಟಿಯು ದ್ವೀಪದಿಂದ ಮಿಲ್ಲಿನ ಕೂಲಿಗೆ ಬಂದವರು. ಮಗಳು ಈ ಚಳಿಯಲ್ಲೇ ಹುಟ್ಟಿ, ಈ ಚಳಿಯನ್ನೇ ಬೈಯುತ್ತ ಐವತ್ತು ದಾಟಿದ್ದಾರೆ. ದಿನಕ್ಕೆ ಐದಾರು ಮನೆ. ಅರ್ಧದಷ್ಟು ಮಂದಿಗೆ ಜಡ್ಜರ ಆದೇಶವಿದೆ: ಮನೆಯಲ್ಲೇ ಇರಬಹುದು, ಆದರೆ ತಿಂಗಳ ಇಂಜೆಕ್ಷನ್ ತಪ್ಪಿಸುವಂತಿಲ್ಲ. ತಪ್ಪಿಸಿದರೆ ಮತ್ತೆ ಆಸ್ಪತ್ರೆ. ಒಲ್ಲದ ಮೈಗೆ ಮದ್ದು ಹಾಕುವ ಕೆಲಸವಿದು. ಹಾಕಿದವರನ್ನು ಹರಸುವವರು ಕಡಿಮೆ.

ತೈರಿ ಆದೇಶವಿದ್ದವರಲ್ಲೊಬ್ಬ. ಮರ ಕೊರೆದು ಡೋಲು ಮಾಡುವ ಹುಡುಗ, ಅಜ್ಜಿಯ ಮನೆಯಲ್ಲಿ ವಾಸ. ಕೆಲವು ವರ್ಷಗಳ ಹಿಂದೆ ಮಾತ್ರೆ ಬಿಟ್ಟ. ಮರಗಳು ಹೆಸರು ಹಿಡಿದು ಕರೆಯುತ್ತಿವೆಯೆಂದು ಬರಿಗಾಲಲ್ಲಿ ಕಾಡು ಹೊಕ್ಕ. ಮರ ಕಡಿಯುವವರ ಕಣ್ಣಿಗೆ ಬೀಳುವ ಹೊತ್ತಿಗೆ ಅವನ ಎರಡು ಕಾಲ್ಬೆರಳನ್ನು ಚಳಿ ತಿಂದು ಮುಗಿಸಿತ್ತು. ಆಮೇಲೆ ಆಸ್ಪತ್ರೆ, ಆಮೇಲೆ ಆದೇಶ.

ಮೊದಲ ಸಲ ಹೋದ ದಿನ ಅಜ್ಜಿ ನೂರೋವಾ, ಊರಿಗೆಲ್ಲ 'ಮಾಮಾ', ಅಂದರೆ ತಾಯಿ, ತೆಂಗಿನಹಾಲಲ್ಲಿ ಬೆಂದ ಕೆಸುವಿನೆಲೆಯನ್ನು ತಟ್ಟೆ ತುಂಬ ಬಡಿಸಿಟ್ಟಿದ್ದರು. ಇನ್ನೂ ನಾಲ್ಕು ಮನೆ ಬಾಕಿಯಿದ್ದ ಅಕೈತಿ, "ಊಟ ಆಗಿದೆ ಮಾಮಾ, ಮೊದಲು ಸೂಜಿ" ಅಂದುಬಿಟ್ಟರು.

"ನಮ್ಮ ಜನದವಳಾಗಿ ನಾನೇ ಹಾಗಂದೆ ನೋಡಿ!" ಎಂದು ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. "ಮಾಮಾ ಏನಂದ್ರು ಗೊತ್ತಾ? 'ತಟ್ಟೆ ಮುಟ್ಟದೆ ಮೈ ಮುಟ್ಟೋರು ಪೊಲೀಸರು, ನಮ್ಮೋರಲ್ಲ.' ತಿರುಗಿ ನೋಡ್ತೀನಿ, ತೈರಿ ಬೇಲಿ ಹಾರಿ ಆಚೆ!"

ಅಂದಿನಿಂದ ಯಾರ ಮನೆಗೆ ಹೋದರೂ ತಟ್ಟೆ ಮೊದಲು, ಪ್ರಾರ್ಥನೆ ಆಮೇಲೆ, ಸೂಜಿ ಕೊನೆಗೆ. "ಆದೇಶ ಜಡ್ಜರದ್ದು, ಹೊಟ್ಟೆ ಮಾತ್ರ ನಂದು. ಡಾಕ್ಟರು ತೂಕ ಇಳಿಸು ಅಂತಾರೆ. ಎಲ್ಲಿ ಇಳಿಸಲಿ? ಮುಂದಿನ ಮನೇಲಿ ಮತ್ತೆ ಬಡಿಸ್ತಾರೆ!"

ತೈರಿಗೆ ಸೂಜಿಯ ಮೇಲೆ ಸಿಟ್ಟಿಲ್ಲ. "ನಿದ್ದೆ ಬರುತ್ತೆ, ಮರಗಳು ಸುಮ್ಮನಿವೆ. ಆದ್ರೆ ಬೇಕಾ ಅಂತ ಯಾರೂ ಕೇಳಲ್ಲ. ಬೇಡ ಅನ್ನೋಕೆ ಆಗದೋನು ಹೂಂ ಅಂದ್ರೆ ಆ ಹೂಂಗೆ ಏನು ಬೆಲೆ, ಅಕ್ಕಾ?" ಎಂದು ಕೇಳುತ್ತಲೇ ಇದ್ದ. ಆದೇಶ ತೆಗೆಸಬೇಕೆಂಬ ಅವನ ಅರ್ಜಿ ಹೋದ ತಿಂಗಳು ವಿಚಾರಣೆಗೆ ಬಂತು.

ಕ್ಲಿನಿಕ್ಕಿನ ಸಣ್ಣ ಕೋಣೆ, ಜಡ್ಜಮ್ಮ ಅಲ್ಲಿಗೇ ಬಂದಿದ್ದರು. ಡಾಕ್ಟರೂ ಅಕೈತಿಯೂ ಅವನ ಪರವಾಗಿದ್ದರು. ಅಷ್ಟರಲ್ಲಿ ಮಾಮಾ, ತಲೆಗೆ ಹೂವಿನ ಕಿರೀಟ ಮುಡಿದ ಗೆಳತಿಯರ ದಂಡು ಕಟ್ಟಿಕೊಂಡು ಹಾಡುತ್ತ ಒಳಬಂದರು. ದ್ವೀಪದವರಲ್ಲಿ ಒಬ್ಬನ ಮಾತೆಂದರೆ ಕುಲದವರೆಲ್ಲರ ಮಾತು. ಹಾಡು ಮುಗಿಯುವ ತನಕ ಜಡ್ಜಮ್ಮ ಕೈಕಟ್ಟಿ ಕೂತರು.

"ಜಡ್ಜಮ್ಮಾ, ಆದೇಶ ತೆಗೀಬೇಡಿ" ಅಂದರು ಮಾಮಾ. "ಇನ್ನೂ ಹತ್ತು ವರ್ಷ ಇರ್ಲಿ."

ತೈರಿ ಗಕ್ಕನೆ ಅಜ್ಜಿಯತ್ತ ತಿರುಗಿದ. ಮತ್ತೆ ಕಾಯಿಲೆಯಾಗಿದೆಯೇ ಎಂದು ಜಡ್ಜಮ್ಮ ಗಾಬರಿಯಿಂದ ಕೇಳಿದರು.

"ಕಾಯಿಲೆ ಎಲ್ಲಿಂದ ಬರ್ಬೇಕು, ಕಲ್ಲುಗುಂಡಿನ ಹಾಗಿದ್ದಾನೆ. ಆದೇಶ ಹೋದ್ರೆ ಈ ಹುಡುಗಿ ನಮ್ಮನೆಗೆ ಬರೋದಿಲ್ವಲ್ಲ! ನನ್ನ ಬಾಳೆಹಣ್ಣಿನ ಕಡುಬು ಯಾರು ತಿಂತಾರೆ?"

"ಅಜ್ಜೀ, ನಿನ್ನ ಕಡುಬಿಗೋಸ್ಕರ ನಾನು ಕೈದೀನಾ?" ತೈರಿ ಕೂಗಿಯೇಬಿಟ್ಟ.

ಅಕೈತಿ ಎದ್ದು ಹೋಗಿ ಮಾಮಾರ ಕೈ ಹಿಡಿದುಕೊಂಡರು. "ಆದೇಶಕ್ಕೆ ಹೆದರಿ ಕಡುಬು ತಿಂದೆ ಅಂದ್ಕೊಂಡ್ರಾ? ಆದೇಶ ಇಲ್ಲದಿದ್ರೂ ಬರ್ತೀನಿ, ತಿಂತೀನಿ. ಇವನನ್ನ ಬಿಟ್ಟುಕೊಡಿ ಮಾಮಾ." ಮಾಮಾ ಸೆರಗಿಲ್ಲದ ಉಡುಪಿನ ತೋಳಿನಲ್ಲೇ ಕಣ್ಣೊರೆಸಿಕೊಂಡು, "ಹಾಗಾದ್ರೆ ತೆಗೀರಿ ಜಡ್ಜಮ್ಮಾ, ನನ್ನದೇನೂ ತಕರಾರಿಲ್ಲ" ಅಂದರು. ಆದೇಶ ಅಲ್ಲಿಗೇ ಮುಗಿಯಿತು.

ಇಂದು ಆದೇಶ ಹೋದ ಮೇಲೆ ಬಂದ ಮೊದಲ ಸೂಜಿಯ ದಿನ. ಮಾಮಾರ ಮನೆಯಲ್ಲಿ ತಟ್ಟೆ ಖಾಲಿಯಾಗಿದೆ, ಪ್ರಾರ್ಥನೆ ಮುಗಿದಿದೆ. ಅಕೈತಿ ಔಷಧದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ, ಮುಚ್ಚಳ ತೆರೆಯುವುದಿಲ್ಲ.

"ತೈರಿ, ಇಂಜೆಕ್ಷನ್ ಹಾಕಲಾ?"

ಅವನು ಕೂತಲ್ಲೇ ನೆಟ್ಟಗಾಗುತ್ತಾನೆ.

"ಇವತ್ತು ಬೇಡ, ಅಕ್ಕಾ."

"ಅಯ್ಯೋ, ಮಂಕೇ!" ಮಾಮಾರ ಕೈಯ ಸೌಟು ನೆಲಕ್ಕೆ ಬೀಳುತ್ತದೆ.

"ಸುಮ್ನಿರು ಅಜ್ಜೀ. ಸೋಮವಾರ ಕ್ಲಿನಿಕ್ಕಿಗೆ ನಾನೇ ನಡ್ಕೊಂಡು ಬರ್ತೀನಿ." ಹೇಳಿ ಮುಗಿಸಿದವನ ಮುಖದಲ್ಲಿ ಮೆಲ್ಲಗೆ ನಗು ಹರಡುತ್ತದೆ.

ಮೂರು ದಿನ ತಡವಾದರೆ ಮೋಸವಿಲ್ಲವೆಂದು ಅಕೈತಿಗೆ ಗೊತ್ತು. ಸೋಮವಾರ ಏನಾಗುತ್ತದೆಂದು ಗೊತ್ತಿಲ್ಲ. ಡಬ್ಬಿಯನ್ನು ಹಾಗೆಯೇ ಚೀಲದೊಳಗಿಟ್ಟು, ಅವನ ಮುಖ ನೋಡಿ ಹೇಳುತ್ತಾರೆ:

"ಸರಿ ತಮ್ಮಾ. ನಿನ್ನಿಷ್ಟ."