ಸೆರಗು ತಾಗಿದ ಕುರಿ

ಹೊಳಿಯವ್ವ ನನ್ನ ತಂಗಿ. ಬ್ಯಾಡಗಿಯೊಳಗ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗ್ತಾಳ, ಇಪ್ಪತ್ತಾರು ವರ್ಷ ಆತು. ಹುಲಿ-ಕುರಿ ಆಟದಾಗ ಅಕಿನ್ನ ಸೋಲಸವರು ನಮ್ಮ ಹಲಗೇರಿಯೊಳಗ ಯಾರೂ ಇಲ್ಲ. ಅದಾರ ಅನ್ನಾಂವ ನನ್ನ ಮುಂದ ಬಂದು ಅನ್ನಲಿ ನೋಡೂಣು. ಅಕಿನ್ನ ಸೋಲಿಸಿದಾಂವ ನಾನು, ಅದೂ ಆಟಕ್ಕ ಕುಂದರದನ.

ಆಟ ಕಲಿಸಿದಾಂವನೂ ನಾನ. ಕುರಿ ಮೇಸಾಕ ಹೋದಾಗ ಬಂಡಿಗಲ್ಲಿನ ಮ್ಯಾಲೆ ಇದ್ದಲಿಲೆ ಆಟದ ಮನಿ ಗೀಚಿ, ಮೂರು ಹುಲಿಗೆ ಮೂರು ಹುಣಸಿಬೀಜ, ಹದಿನೈದು ಕುರಿಗೆ ಹದಿನೈದು ಹರಳು ಇಡತಿದ್ವಿ. ಹುಲಿ ಜಿಗದು ಕುರಿ ತಿಂತೈತಿ, ಕುರಿ ಎಲ್ಲಾ ಕೂಡಿ ಹುಲಿನ್ನ ಮಿಸುಕದಂಗ ಕಟ್ಟತಾವ, ಇಷ್ಟ ಆಟ. ನಾ ಯಾವಾಗ್ಲೂ ಹುಲಿ ತಗೋತಿದ್ನಿ. ಎಂಟು ವರ್ಷದ ಹುಡುಗಿ, ಹದಿನೈದು ದಿನದಾಗ ನನ್ನ ಹುಲಿ ಕಟ್ಟಾಕ ಹತ್ತಿದ್ಲು! ಸಿಟ್ಟಿಗೆದ್ದು ಹರಳು ತೂರಿ ಮನಿಗೆ ಹೋಗಿದ್ನಿ. ಆ ಸಿಟ್ಟು ಅಲ್ಲೇ ಸಾಯಬೇಕಿತ್ತು, ಸಾಯಲಿಲ್ಲ.

ಅಕಿ ಗಂಡ ಲಾರಿಗೆ ಚೀಲ ಏರಿಸಾಂವ, ಸೊಂಟ ಹೋಗಿ ಮನ್ಯಾಗ ಕುಂತ. ಇವಳ ದುಡದು ಎರಡು ಹೆಣ್ಣುಮಕ್ಕಳ ಮದಿವಿ ಮಾಡಿದ್ಲು. ಸೀಸನ್ ಬಂದ್ರ ಅಕಿ ಬೆರಳು ನೀರಾಗ ಇಟ್ರೂ ಉರಿತಾವ. ಒಮ್ಮೆ ಊರಿಗೆ ಬಂದಾಗ ಇಬ್ಬರೂ ಆಡಿದ್ವಿ. ಅಕಿ ಮುಟ್ಟಿದ ಹರಳು ಹಿಡದ ಕೈಲೆ ನಾ ಕಣ್ಣು ತಿಕ್ಕೊಂಡ್ನಿ. ಅಯ್ಯಯ್ಯೋ, ಸಂಜಿಮಟ ನೀರು ಗೊಜ್ಜಿಕೊಂಡು ಒದ್ದಾಡಿದ್ನಿ. ‘ಇನ್ನಮ್ಯಾಲೆ ಬೆರಳಿಗೆ ಸೆರಗು ಸುತಗೊಂಡು ಆಡು ಮಾರಾಯ್ತಿ’ ಅಂತ ಹೇಳಿದಾಂವ ನಾನ. ಅವತ್ತಿಂದ ಅಕಿ ಹಂಗಾ ಆಡತಾಳ.

ಯುಗಾದಿ ಮರುದಿನ ನಮ್ಮೂರ ಕಟ್ಟಿ ಮ್ಯಾಲೆ ಆಟ. ಬಾಜೂಕ ಒಂದು ಚಪ್ಪಟಿ ಕಲ್ಲೈತಿ, ನಿರ್ಣಯ ಹೇಳಾಂವ ಅದರ ಮ್ಯಾಲೆ ಕುಂದರತಾನ. ಒಂದೂ ಕುರಿ ಕಳಕೊಳ್ಳದ ಮೂರೂ ಹುಲಿ ಕಟ್ಟಿದವರಿಗೆ ಆ ಕಲ್ಲು ಬಿಟ್ಟುಕೊಡಬೇಕು. ಹನ್ನೊಂದು ವರ್ಷದ ಹಿಂದ ನಾ ಕಟ್ಟಿದ್ನಿ, ಕಲ್ಲು ನಂದಾತು. ಓಣ್ಯಾಗ ಜಗಳಾದ್ರೂ ‘ಡಾಕಪ್ಪನ್ನ ಕರೀರಿ’ ಅಂತಿದ್ರು. ಒಂದೂವರೆ ಎಕರೆದಾಂವಗ ಅಷ್ಟು ಮರ್ಯಾದಿ ಮತ್ತೆಲ್ಲಿಂದ ಬರಬೇಕ್ರಿ?

ಹೋದ ವರ್ಷ ಹೊಳಿಯವ್ವ ಬಂದಾಕಿನ ಕಟ್ಟಿ ಏರಿ ಗಿರಿಯಪ್ಪನ ಎದುರಿಗೆ ಕುಂತ್ಲು. ಗಿರಿಯಪ್ಪ ರಾಣೆಬೆನ್ನೂರಾಗ ಬೀಜದ ಅಂಗಡಿ ಇಟ್ಟಾಂವ, ಹುಲಿ ಆಡೋದ್ರಾಗ ಪಳಗಿದಾಂವ. ಹೆಂಗಸರು ಯಾರೂ ಆ ಕಟ್ಟಿ ಏರಿದ್ದಿಲ್ಲ. ‘ಊರ ಮಗಳು, ಆಡಲಿ ಬಿಡ್ರಿ’ ಅಂತ ಮಂದಿ ನಕ್ಕರು.

‘ಗೆದ್ರ ಕಲ್ಲು ಕೊಡ್ತೀರಿಲ್ಲೋ?’ ಅಂತ ಅಕಿ ಕೇಳಿದ್ಲು.

‘ತಗೊಂಡು ಹೋಗವಾ, ಅರಿವಿ ಒಗಿಯಾಕ ಆಕ್ಕೈತಿ’ ಅಂದ ಗಿರಿಯಪ್ಪ.

ತಾಸಿನ್ಯಾಗ ನಗು ಬಂದ್ ಆತು. ಎರಡು ಹುಲಿ ಕಟ್ಟಿಬಿಟ್ಟಿದ್ಲು, ಹದಿನೈದೂ ಕುರಿ ಹಂಗಾ ಇದ್ವು. ಮೂರನೇ ಹುಲಿಗೆ ಒಂದ ಕಿಂಡಿ ಉಳದಿತ್ತು. ಅದನ್ನ ಮುಚ್ಚೋ ಕುರಿ ಕಡೆ ಅಕಿ ಬೆರಳು ಹೋತು. ಅಷ್ಟರಾಗ ಸೆರಗಿನ ಚುಂಗು ಇಳಿಬಿದ್ದು ಬಾಜೂಕಿನ ಕುರಿಗೆ ತಾಗಿ, ಅದು ಒಂದು ಜ್ವಾಳದ ಕಾಳಿನಷ್ಟು ಸರೀತು.

ಗಿರಿಯಪ್ಪ ನನ್ನ ಕಡೆ ನೋಡಿದ. ಮುಟ್ಟಿದ ಕುರಿನ್ನ ನಡಸಬೇಕು, ಅದು ನಮ್ಮ ಕಟ್ಟಿ ಕಾಯ್ದೆ. ಖರೇ. ಆದ್ರ ಮುಟ್ಟೋದಂದ್ರ ಬೆರಳಿಲೆ. ಗಂಡಸರ ಟವೆಲ್ ತಾಗಿದ್ದನ್ನ ನಾನ ಹತ್ತು ಸಲ ಬಿಟ್ಟೇನಿ. ‘ಸೆರಗು ತಾಗೈತ್ರಿ, ಕೈ ಅಲ್ಲ!’ ಅಂತ ಆಟೊ ಓಡಸೋ ದಾದಾಪೀರ ಒದರಿದ. ಎಲ್ಲಾ ಗೊತ್ತಿತ್ತು ನನಗ. ಮುಂದಿನ ವರ್ಷ ನಾ ಎಲ್ಲಿ ಕುಂದರ್ಲಿ ಅನ್ನೋದೊಂದ ತಲಿಯೊಳಗ ಕೊರಿಯಾಕ ಹತ್ತಿತ್ತು. ಕೆಳಗ ನಿಂತು ತಂಗಿ ಬಾಯಿ ನೋಡ್ಲ್ಯಾ?

‘ಮುಟ್ಟೀದಿ. ಅದನ್ನ ನಡಸು’ ಅಂದ್ನಿ.

ಅಕಿ ನನ್ನ ಮಾರಿ ನೋಡಿದ್ಲು. ಸೆರಗು ಬಿಚ್ಚಿ ಹೆಗಲಿಗೆ ಹಾಕ್ಕೊಂಡು ಆ ಕುರಿ ಸರಿಸಿದ್ಲು. ಅದು ಬಿಟ್ಟ ಮನಿಗೆ ಗಿರಿಯಪ್ಪನ ಹುಲಿ ಜಿಗೀತು, ಒಂದು ಕುರಿ ಹೋತು. ಇನ್ನ ಕಲ್ಲಿನ ಮಾತೆಲ್ಲಿ? ಹೋಳಿಗಿ ಸುದ್ದಾ ಉಣ್ಣಲಾರದ ಬಸ್ ಹತ್ತಿದ್ಲು. ದಾದಾಪೀರ ಎಲ್ಲಾ ಮೊಬೈಲಿನ್ಯಾಗ ಹಿಡಕೊಂಡಿದ್ದ. ಅಕಿ ಬೆರಳಿಗೂ ಆ ಕುರಿಗೂ ನಾಕು ಬೆರಳು ಅಂತರ ಐತಿ. ಊರ ಮಂದೆಲ್ಲಾ ನೋಡ್ಯಾರ, ನನ್ನ ಮುಂದ ಯಾರೂ ಆ ಮಾತು ತಗಿಯೂದಿಲ್ಲ.

ವರ್ಷ ಪೂರ್ತಿ ಅಕಿ ನನ್ನ ಫೋನ್ ಎತ್ತಲಿಲ್ಲ. ಈ ಯುಗಾದಿಗೆ ನಾಕು ದಿನ ಇದ್ದಾಗ ನಾನ ಬ್ಯಾಡಗಿಗೆ ಹೋದ್ನಿ. ಮಧ್ಯಾಹ್ನ, ಗೋದಾಮಿನ್ಯಾಗ ಹೆಂಗಸರು ಬುತ್ತಿ ಬಿಚ್ಚಿದ್ರು. ‘ತಪ್ಪಾತವಾ, ಕಲ್ಲು ನಿಂದು’ ಅಂತ ಹೇಳಾಕ ಹೋಗಿದ್ನಿ. ಹಾಳಾದ ಬಾಯಿಗೆ ಬಂದಿದ್ದು ‘ಒಂದು ಆಟ ಆಡೂಣೇನ?’

ಅಕಿ ನೆಲದ ಮ್ಯಾಲೆ ಮನಿ ಗೀಚಿದ್ಲು. ಕುರಿಗೆ ಮೆಣಸಿನ ತೊಟ್ಟು. ಸೆರಗು ಸುತಗೊಳ್ಳಲಿಲ್ಲ, ಬರೇ ಕೈಲೆ ಆಡಿದ್ಲು. ನನ್ನ ಎರಡು ಹುಲಿ ಕಟ್ಟಿದ್ಲು. ಮೂರನೇದಕ್ಕ ಮತ್ತ ಒಂದ ಕಿಂಡಿ. ಮುಚ್ಚಾಕ ಹೋದ ಬೆರಳನ್ನ ತಿರುವಿ, ಬಾಜೂಕಿನ ಕುರಿ ಮ್ಯಾಲೆ ಬೇಕಂತನ ಒತ್ತಿ ಹಿಡದು, ಅದನ್ನ ಸರಿಸಿದ್ಲು.

‘ಮುಟ್ಟೀನಿ. ಜಿಗಿ ಅಣ್ಣಾ.’

‘ಬ್ಯಾಡ ಹೊಳಿ. ಹಿಂದಕ್ಕ ತಗೋ.’

‘ಇದನ್ನ ಅವತ್ತ ಹೇಳಬೇಕಿತ್ತು’ ಅಂದು, ಬುತ್ತಿ ಕಟಗೊಂಡು ಮೆಣಸಿನಕಾಯಿ ರಾಶಿ ಕಡೆ ಹೋಗಿಬಿಟ್ಲು.

ನಾಕು ದಿನಕ್ಕ ಯುಗಾದಿ ಬಂತು. ಮರುದಿನ ಕಲ್ಲಿನ ಮ್ಯಾಲೆ ಮತ್ತ ನಾನ ಕುಂತ್ನಿ.