ಮೇಷ್ಟ್ರ ಸ್ವದೇಶಿ ಚೆಂಡು

ಗೆಳೆಯರೇ, ಇವತ್ತು ಸಂಜೆ ರಾಯದುರ್ಗದ ಕೆರೆಯಂಗಳದಲ್ಲಿ ನಮ್ಮೂರ ಫುಟ್‌ಬಾಲ್ ತಂಡ ಬಳ್ಳಾರಿಯಿಂದ ಬಂದ ಪೊಲೀಸರ ವಿರುದ್ಧ ಒಂದು ಗೋಲ್ ಮುಂದಿತ್ತು. ಅವರದು ಬೂಟು, ನಮ್ಮವರದು ಬರಿಗಾಲು. ಪ್ರತಿ ವರ್ಷವೂ ಸೋಲುವವರು ನಾವೇ. ಇಂಥ ಸಂಜೆಯನ್ನು ನಾನು ನೋಡಿರಲೇ ಇಲ್ಲ.

ಅಷ್ಟರಲ್ಲಿ ಖಾದಿ ಟೋಪಿಯ ಕೊಟ್ರಪ್ಪ ಮೇಷ್ಟ್ರು ನುಗ್ಗಿ ಬಂದು ಚೆಂಡನ್ನು ತಬ್ಬಿಕೊಂಡರು.

"ಇದು ವಿಲಾಯತಿ ಮಾಲ್ರಿ! ಇದನ್ನ ಒದ್ದು ಗೆದ್ರ ಅದೆಂಥಾ ಗೆಲುವ್ರಿ?"

ಚೀಲದಿಂದ ಸ್ವದೇಶಿ ಚೆಂಡು ತೆಗೆದರು. ಊರಲ್ಲೇ ಹೊಲಿಸಿದ ಕುರಿ ಚರ್ಮ, ಒಳಗೆ ಗಾಳಿಯ ಬದಲು ಕುರಿಯ ಉಣ್ಣೆ.

"ಮೇಷ್ಟ್ರ, ಆಟ ಮುಗೀಲಿ ತಡೀರಿ. ಆಮ್ಯಾಲ ಬೇಕಾದ್ರ ಈ ವಿಲಾಯತಿ ಚೆಂಡನ್ನ ಸುಡೂಣು," ಎಂದೆ.

"ನಿಮ್ಮಂಥೋರಿಂದನ ಸ್ವರಾಜ್ಯ ತಡ ಆಗಾಕತ್ತೈತಿ!" ಎಂದು ಬೈದರು. ಸುತ್ತಲಿದ್ದವರೂ ನನ್ನನ್ನೇ ದುರುಗುಟ್ಟಿ ನೋಡಿದರು. ಪೊಲೀಸರ ನಾಯಕ ಮಾತ್ರ ನಕ್ಕು, "ಸರೇ, ಕಾನೀಂಡಿ," ಎಂದು ತೆಲುಗಿನಲ್ಲಿ ಒಪ್ಪಿಬಿಟ್ಟ.

ಎರಡನೇ ಒದೆತಕ್ಕೇ ಚೆಂಡು ಅಂಗಳದ ನೀರುಗುಂಡಿಗೆ ಬಿತ್ತು. ಉಣ್ಣೆ ನೀರು ಕುಡಿದು ಟಗರಿನಷ್ಟು ಭಾರವಾಯಿತು. ನಮ್ಮ ಸೆಂಟರ್ ಫಾರ್ವರ್ಡ್ ಅದನ್ನು ಒದ್ದು, ಹೆಬ್ಬೆರಳು ಹಿಡಿದುಕೊಂಡು ಕೂತುಬಿಟ್ಟ. ಆಮೇಲೆ ಅದನ್ನು ಅಲುಗಿಸಲು ಆದದ್ದು ಬೂಟುಗಳಿಗೆ ಮಾತ್ರ. ಮೂರು ಗೋಲ್ ತಿಂದೆವು.

"ಸೋತ್ರೂ ನಮ್ಮ ಚೆಂಡಿನಾಗ ಸೋತ್ವಲ್ರಿ!" ಎಂದು ಮೇಷ್ಟ್ರು ಹಿಗ್ಗಿದರು.

ನನಗೂ ಸ್ವರಾಜ್ಯ ಬೇಕು, ಗೆಳೆಯರೇ. ನಾವು ಒಂದು ಗೋಲ್ ಮುಂದಿರುವಾಗ ಮಾತ್ರ ಅದು ಬರದಿದ್ದರೆ ಸಾಕು.